ಗುಂಡಿ ಚಿಕ್ಕಮ್ಮ ಒಬ್ಬಳೇ ಹೊರಟಳು

ನಮ್ಮ ಚಿಕ್ಕಮ್ಮನಿಗೆ ಊರವರು ಇಟ್ಟ ಹೆಸರು ಗುಂಡಿ ಚಿಕ್ಕಮ್ಮ. ಹೊಸಬರು ಕೇಳಿದರೆ ರಸ್ತೆಯ ಗುಂಡಿಯನ್ನು ನೆನೆಸಿಕೊಂಡು ಮುಸಿಮುಸಿ ನಗುತ್ತಾರೆ. ಇದು ಅಂಗಿಯ ಗುಂಡಿ. ಪೇಟೆ ಬೀದಿಯಲ್ಲಿ ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಇಬ್ಬರು ಒಳಗೆ ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕಾದಂಥ ಕೋಣೆಯಲ್ಲಿ ಅವಳ ಬಟ್ಟೆ ರಿಪೇರಿ ಅಂಗಡಿ. ಹೊಸದನ್ನು ಹೊಲಿಯುವುದಿಲ್ಲ. ಹರಿದದ್ದು, ಬಿಗಿಯಾದದ್ದು, ಜಿಪ್ಪು ಕಚ್ಚಿಕೊಂಡದ್ದು, ಉದ್ದ ಜಾಸ್ತಿಯಾದದ್ದು, ಇಂಥವೇ ಅವಳ ಪಾಲಿಗೆ ಬರುವುದು. ಗೋಡೆಯ ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿಗಳಂತೆ ಸಾಲಾಗಿ ಗಾಜಿನ ಬಾಟಲಿಗಳು, ಅವುಗಳ ತುಂಬ ಬಣ್ಣಬಣ್ಣದ ಗುಂಡಿಗಳು. ಊರಲ್ಲಿ ಯಾರಿಗೆ ಹೊಟ್ಟೆ ಬಂತು, ಯಾರದು ಇಳಿಯಿತು ಎನ್ನುವುದು ಅವರವರ ಹೆಂಡತಿಯರಿಗಿಂತ ಮೊದಲು ಇವಳಿಗೆ ಗೊತ್ತು. ಆದರೆ ಯಾರ ಮುಂದೆಯೂ ಬಾಯಿ ಬಿಡುವವಳಲ್ಲ.

ಚಿಕ್ಕಮ್ಮ ಮದುವೆ ಮಾಡಿಕೊಳ್ಳಲಿಲ್ಲ. ಅದಕ್ಕಾಗಿ ಬೇಜಾರನ್ನೂ ಮಾಡಿಕೊಳ್ಳಲಿಲ್ಲ. ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಳು. ಅಂಗಡಿಯಲ್ಲಿ ಕೂತಾಗ ಎಂಥ ಜಗಳಗಂಟ ಗಿರಾಕಿ ಬಂದರೂ ಕನ್ನಡಕದ ಮೇಲಿಂದ ಒಂದು ನೋಟ ನೋಡಿ ತಣ್ಣಗೆ ಮಾಡುತ್ತಿದ್ದಳು. ಆದರೆ ಊರಿನ ಬಸ್ ನಿಲ್ದಾಣ ದಾಟಿತೋ, ಮುಗಿಯಿತು. ಬಾಯಿಗೆ ಬೀಗ. ಎಲ್ಲಿಗೇ ಹೋಗಲಿ, ನಮ್ಮ ಅಮ್ಮ ಜೊತೆಗಿರಬೇಕು. ದಾರಿ ಕೇಳುವುದು ಅಮ್ಮನ ಕೆಲಸ, ಚೀಲ ಹಿಡಿಯುವುದು ಚಿಕ್ಕಮ್ಮನ ಕೆಲಸ. ಅಮ್ಮನಿಗೋ, ಗೊತ್ತಿರುವ ದಾರಿಯನ್ನೂ ನಾಲ್ಕು ಜನರ ಹತ್ತಿರ ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಅಕ್ಕ ಮುಂದೆ ಮುಂದೆ ಮಾತಾಡುತ್ತ, ತಂಗಿ ಹಿಂದೆ ಹಿಂದೆ ತಲೆ ತಗ್ಗಿಸಿಕೊಂಡು, ಹೀಗೆ ಇಬ್ಬರೂ ಎಷ್ಟೋ ಊರು ನೋಡಿ ಬಂದಿದ್ದರು.

ಇವರಿಬ್ಬರಿಗೂ ಒಬ್ಬನೇ ತಮ್ಮ. ನನಗೆ ಸೋದರಮಾವ. ಹರೆಯದಲ್ಲಿ ಹಡಗಿನ ಅಡುಗೆಯವನಾಗಿ ಹೋದವನು ಎಲ್ಲೆಲ್ಲೋ ಸುತ್ತಿ, ಕೊನೆಗೆ ಬಲು ದೂರದ ಒಂದು ದೇಶದ ಸಣ್ಣ ಪಟ್ಟಣದಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟುಕೊಂಡು ನೆಲೆಯಾಗಿದ್ದ. ತಲೆಯ ಕೂದಲು ಹಿಂದೆ ಹಿಂದೆ ಸರಿದು ನೆತ್ತಿ ಹೊಳೆಯತೊಡಗಿದ ಮೇಲೆ, ಇನ್ನು ಇವನಿಗೆ ಮದುವೆಯ ಮಾತಿಲ್ಲ ಎಂದು ನಾವೆಲ್ಲ ಕೈಬಿಟ್ಟ ಮೇಲೆ, ಒಂದು ದಿನ ಫೋನ್ ಬಂತು.

"ದೊಡ್ಡಕ್ಕಾ, ಚಿಕ್ಕಕ್ಕನ್ನೂ ಕರಿ. ನಾನು ಮದುವೆ ಆಗ್ತಿದ್ದೀನಿ."

"ಯಾರನ್ನೋ?" ಅಂದಳು ಅಮ್ಮ.

"ನಮ್ಮೂರಿನ ಸಿಟಿ ಬಸ್ ಓಡಿಸ್ತಾಳೆ. ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಬರ್ತಿದ್ಲು."

ಅಮ್ಮ ಅಲ್ಲೇ ಕುರ್ಚಿಗೆ ಒರಗಿ ಕೂತುಬಿಟ್ಟಳು. ಚಿಕ್ಕಮ್ಮ ಮಾತ್ರ, "ಅವನಿಗೆ ಕೋಟು ನಾನೇ ಹೊಲಿಯೋದು" ಎಂದು ಎದ್ದೇಬಿಟ್ಟಳು. ಹೊಸ ಬಟ್ಟೆ ಹೊಲಿಯದವಳು ತಮ್ಮನಿಗಾಗಿ ಕಡುನೀಲಿ ಬಟ್ಟೆ ತಂದು, ಅವನಿಂದ ಫೋನಿನಲ್ಲೇ ಅಳತೆ ಕೇಳಿ, ಒಳಗೆ ರೇಷ್ಮೆಯಂಥ ಅಸ್ತರಿ ಕೊಟ್ಟು, ಎಲ್ಲಾ ಬಾಟಲಿಗಳನ್ನು ತಡಕಿ ಗುಂಡಿ ಆರಿಸಿ, ಒಂದು ಕೋಟು ಹೊಲಿದಳು. ನೋಡಿದರೆ ಕಣ್ಣಿಗೆ ಹಬ್ಬ.

ಇಬ್ಬರೂ ಹೋಗುವುದೆಂದು ತೀರ್ಮಾನವಾಯಿತು. ಮದುವೆಯ ಹಿಂದಿನ ದಿನ ಮುಟ್ಟುವುದು. ವಿಮಾನ ಇಳಿದ ಮೇಲೆ ರೈಲಿನಲ್ಲಿ ಅರ್ಧ ದಿನದ ದಾರಿ, ನಡುವೆ ಒಂದು ಕಡೆ ರೈಲು ಬದಲಿಸಬೇಕು. ಮಾವ ತಾನೇ ಬಂದು ಕರೆದುಕೊಂಡು ಹೋಗುತ್ತೇನೆಂದ. "ಮದುಮಗ ಅಂಗಡಿ ಬಿಟ್ಟು ಅಲೀಬೇಡ. ನಮಗೇನು ಬಾಯಿಲ್ವಾ?" ಎಂದು ಅಮ್ಮ ಗದರಿದಳು.

ಹೊರಡಲು ಇನ್ನೇನು ವಾರವಿದೆ ಎನ್ನುವಾಗ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡಳು. ಮೊಣಕಾಲಿನವರೆಗೆ ಬಿಳಿ ಪಟ್ಟಿ. ಸೋಫಾದ ಮೇಲೆ ಕಾಲು ಚಾಚಿ ಕೂತು ಫೋನಿನಲ್ಲಿ ಮಾವನಿಗೆ ಹೇಳುತ್ತಿದ್ದಳು: "ನೀನೇ ಬಂದು ಅವಳನ್ನ ಕರ್ಕೊಂಡು ಹೋಗು ಕಣೋ. ಪಾಪ, ಅವಳ ಕೈಲಿ ಒಬ್ಬಳೇ ಬರೋಕೆ ಆಗಲ್ಲ."

ಚಿಕ್ಕಮ್ಮ ಆಗ ಅಲ್ಲೇ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಆ 'ಪಾಪ' ಎನ್ನುವ ಮಾತು ಎಲ್ಲಿ ಚುಚ್ಚಿತೋ ಏನೋ, ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಬಂದು ಅಮ್ಮನ ಕೈಯಿಂದ ಫೋನು ಕಿತ್ತುಕೊಂಡಳು.

"ಯಾರೂ ಬರೋದು ಬೇಡ. ನಾನೇ ಬರ್ತೀನಿ!" ಎಂದು ಹೇಳಿ ಫೋನು ಇಟ್ಟಳು. ಇಟ್ಟವಳೇ ನನ್ನ ಕಡೆ ತಿರುಗಿ, "ಅಯ್ಯೋ, ನಾನು ಏನಂದೆ ಈಗ?" ಎಂದಳು.

ಆಡಿದ ಮಾತು ಆಗಿತ್ತು. ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಅಮ್ಮ ಸೋಫಾದಿಂದಲೇ ತರಬೇತಿ ಕೊಟ್ಟಳು. "ಒಬ್ಬರನ್ನ ಕೇಳಿ ನಂಬಬೇಡ. ಇನ್ನೊಬ್ಬರನ್ನ ಕೇಳು. ಇಬ್ಬರೂ ಒಂದೇ ಕಡೆ ಕೈ ತೋರಿಸಿದ್ರೆ ಹೋಗು."

"ಅವರ ಭಾಷೆ ನಂಗೆ ಬರಲ್ವಲ್ಲ ಅಕ್ಕ."

"ಕೈ ತೋರ್ಸೋಕೆ ಭಾಷೆ ಯಾಕೆ ಬೇಕೇ?"

ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋಗಿದ್ದೆ. ಗಾಜಿನ ಬಾಗಿಲಿನ ಆಚೆ ಹೋಗಿ ನಿಂತ ಚಿಕ್ಕಮ್ಮ, ಕೋಟಿನ ಚೀಲವನ್ನು ಕೂಸಿನ ಹಾಗೆ ತಬ್ಬಿಕೊಂಡು ಹಿಂತಿರುಗಿ ನೋಡಿದಳು. ವಾಪಸು ಓಡಿ ಬರುತ್ತಾಳೆ ಎಂದೇ ನಾನು ಅಂದುಕೊಂಡೆ. ಬರಲಿಲ್ಲ.

ಮುಂದಿನದನ್ನೆಲ್ಲ ಅವಳೇ ನಮಗೆ ಹೇಳಿದ್ದು. ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಪಕ್ಕದಲ್ಲಿ ಕೂತು ಪ್ರಯಾಣ ಮಾಡಿದೆನೇನೋ ಎನಿಸುತ್ತದೆ.

ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು. ಪಕ್ಕದವರನ್ನು ಎಬ್ಬಿಸಲು ಸಂಕೋಚವೆಂದು ದಾರಿಯುದ್ದಕ್ಕೂ ಬಚ್ಚಲಿಗೇ ಹೋಗಲಿಲ್ಲವಂತೆ. ಆ ಭಯಕ್ಕೆ ನೀರೂ ಕುಡಿಯಲಿಲ್ಲವಂತೆ. ಇಳಿದ ಮೇಲೆ ಜನ ಹೋದ ಕಡೆ ತಾನೂ ಹೋದಳು. ಸಮವಸ್ತ್ರದಲ್ಲಿದ್ದ ಒಬ್ಬಾಕೆಗೆ ರೈಲಿನ ಟಿಕೆಟು ತೋರಿಸಿದಳು. ಆಕೆ ಕೈಹಿಡಿದು ಕರೆದುಕೊಂಡು ಹೋಗಿ ರೈಲಿನ ಬಾಗಿಲಿಗೇ ಬಿಟ್ಟಳು. ಅಲ್ಲಿಯವರೆಗೆ ಸುಸೂತ್ರ.

ಡಬ್ಬಿಯಲ್ಲಿ ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಚಿಕ್ಕಮ್ಮನಿಗಿಂತ ಸ್ವಲ್ಪ ದೊಡ್ಡವಳು, ಬಿಳಿ ಕೂದಲು, ಬೂದು ಬಣ್ಣದ ಮೇಲಂಗಿ, ತೊಡೆಯ ಮೇಲೆ ಮಣ್ಣಿನ ಕುಂಡದಲ್ಲಿ ಒಂದು ನಿಂಬೆ ಸಸಿ. ಆಕೆ ಮುಗುಳ್ನಕ್ಕಳು. ಚಿಕ್ಕಮ್ಮ ಮೆಲ್ಲನೆ ತನ್ನ ಟಿಕೆಟು ತೆಗೆದು ರೈಲು ಬದಲಿಸಬೇಕಾದ ಊರಿನ ಹೆಸರಿನ ಮೇಲೆ ಬೆರಳಿಟ್ಟಳು. ಆ ಹೆಂಗಸಿನ ಮುಖ ಅರಳಿತು. ತನ್ನ ಟಿಕೆಟನ್ನೂ ತೆಗೆದು ಪಕ್ಕದಲ್ಲಿ ಹಿಡಿದಳು. ಆ ಅಕ್ಷರಗಳು ಚಿಕ್ಕಮ್ಮನಿಗೆ ಓದಲು ಬರುವುದಿಲ್ಲ, ಆದರೆ ಆಕಾರ ಹೊಂದಿಸಲು ಬರುತ್ತದೆಯಲ್ಲ. ಹೊಂದಿಸಿ ನೋಡಿದರೆ ಎರಡೂ ಒಂದೇ!

"ನನ್ನ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಇದೇ ದೇಶದವಳು, ಅದೇ ಊರಲ್ಲಿ ಇಳಿಯೋಳು, ಇನ್ನೇನು ಬೇಕು? ಇವಳು ಎದ್ರೆ ಏಳೋದು, ಇವಳು ಇಳಿದ್ರೆ ಇಳಿಯೋದು ಅಂತ ನಿಶ್ಚಯ ಮಾಡ್ದೆ" ಎನ್ನುತ್ತಾಳೆ.

ಹಾಗೆ ನಿಶ್ಚಯ ಮಾಡಿ ನೆಟ್ಟಗೆ ಕೂತು ಆ ಹೆಂಗಸಿನ ಮೇಲೇ ಕಣ್ಣಿಟ್ಟಳು. ಹೊಲಗಳು, ಹೆಂಚಿನ ಮನೆಗಳು, ಒಂದು ಹೊಳೆ, ಎಲ್ಲವೂ ಕಿಟಕಿಯಲ್ಲಿ ಹಿಂದೆ ಹಿಂದೆ ಓಡಿದವು. ಒಂದು ಕಡೆ ರೈಲು ನಿಧಾನವಾಯಿತು. ಆ ಹೆಂಗಸು ಹೊರಗಿನ ಹಲಗೆ ನೋಡಲೆಂದು ಕುಂಡ ಹಿಡಿದುಕೊಂಡೇ ಅರ್ಧ ಎದ್ದಳು. ಅಷ್ಟೇ ಸಾಕಾಯಿತು. ಚಿಕ್ಕಮ್ಮ ದಡಕ್ಕನೆ ಎದ್ದು, ಚೀಲ, ಕೋಟು, ಶಾಲು ಎಲ್ಲವನ್ನೂ ಬಾಚಿಕೊಂಡು ತಯಾರಾಗಿ ನಿಂತಳು. ಅದನ್ನು ನೋಡಿ ಆ ಹೆಂಗಸು ಗಡಿಬಿಡಿಯಿಂದ ಬಾಗಿಲಿನ ಕಡೆ ನಡೆದಳು. ಆಕೆಯ ಹಿಂದೆ ಚಿಕ್ಕಮ್ಮ. ಇಬ್ಬರೂ ಇಳಿದರು. ಇಳಿಯುವ ರಭಸಕ್ಕೆ ಕುಂಡ ಬಾಗಿಲಿನ ಕಂಬಿಗೆ ತಾಗಿ ಟಪ್ಪೆಂದಿತು. ರೈಲು ಹೊರಟುಹೋಯಿತು.

ಪುಟ್ಟ ನಿಲ್ದಾಣ. ಒಂದು ಹೆಂಚಿನ ಮಾಡು, ಎರಡು ಬೆಂಚು, ಮುಚ್ಚಿದ ಟಿಕೆಟು ಕಿಟಕಿ. ನರಪಿಳ್ಳೆಯೂ ಇಲ್ಲ. ಚಿಕ್ಕಮ್ಮ ಹಲಗೆ ನೋಡಿದಳು, ಟಿಕೆಟು ನೋಡಿದಳು. ಹೆಸರಿನ ಮೊದಲ ಅಕ್ಷರಗಳು ಅವೇ. ಬಾಲ ಮಾತ್ರ ಬೇರೆ. ಪಕ್ಕಕ್ಕೆ ತಿರುಗಿದರೆ ಆ ಹೆಂಗಸೂ ಟಿಕೆಟು ಹಿಡಿದು ಹಲಗೆಯನ್ನೇ ನೋಡುತ್ತಿದ್ದಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡು ಕಣೇ, ಅಕ್ಕ ಇಲ್ಲ, ಮಾತು ಬರಲ್ಲ, ಯಾವ ಊರೋ ಏನೋ. ಕೂತು ಜೋರಾಗಿ ಅತ್ತುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ನನಗಿಂತ ಮುಂಚೆ ಮುಖ ಸಣ್ಣ ಮಾಡ್ಕೊಂಡ್ಲು. ಇಬ್ರೂ ಅತ್ರೆ ಚೀಲ ಕಾಯೋರು ಯಾರು?"

ಆ ಹೆಂಗಸು ಒಡೆದ ಕುಂಡವನ್ನು ನೋಡಿದಳು. ಆಮೇಲೆ ಚಿಕ್ಕಮ್ಮನ ಕಡೆ ಬೆರಳು ತೋರಿಸಿ, ಎರಡು ಬೆರಳುಗಳನ್ನು ಗಾಳಿಯಲ್ಲಿ ಕಾಲಿನಂತೆ ನಡೆಸಿ, ತನ್ನ ಎದೆ ಮುಟ್ಟಿಕೊಂಡು, ಮತ್ತೆ ಬೆರಳುಗಳನ್ನು ಹಿಂದೆ ಹಿಂದೆ ನಡೆಸಿದಳು. ನೀನು ಎದ್ದೆ ಅಂತ ನಾನು ಎದ್ದೆ! ಚಿಕ್ಕಮ್ಮನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆದಾಗ ಅವಳೂ ಬೆರಳು ನಡೆಸಿದಳು. ಅಲ್ಲಮ್ಮಾ, ನೀನು ಎದ್ದೆ ಅಂತಲ್ವಾ ನಾನು ಎದ್ದಿದ್ದು!

ಮೊದಲು ನಕ್ಕದ್ದು ಯಾರೆಂದು ಚಿಕ್ಕಮ್ಮನಿಗೆ ನೆನಪಿಲ್ಲ. ಇಬ್ಬರಿಗೂ ತಡೆಯಲಾಗದ ನಗು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಬೆರಳು ನಡೆಸಿ ತೋರಿಸುತ್ತಾಳೆ, ಮತ್ತೆ ಶುರು. ನಕ್ಕು ನಕ್ಕು ನಿಲ್ಲಲಾರದೆ ಇಬ್ಬರೂ ಹತ್ತಿರದ ಬೆಂಚಿನ ಮೇಲೆ ದೊಪ್ಪನೆ ಕೂತು ಹಿಂದಕ್ಕೆ ಒರಗಿದರು.

ಆಗ ಮಾಡಿನ ಹಿಂದಿನಿಂದ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿಕೊಂಡು, ಏನೋ ಕೂಗುತ್ತ ಓಡಿ ಬಂದ. ಕೈಯಲ್ಲಿ ಕುಂಚ, ಅಂಗಿಯ ತುಂಬ ಹಸಿರು ಚುಕ್ಕೆ. ಚಿಕ್ಕಮ್ಮನ ನಗು ನಿಂತುಹೋಯಿತು. ಇಲ್ಲಿ ನಗುವುದು ತಪ್ಪೇನೋ ಎಂದು ಹೆದರಿ ಎದ್ದು ನಿಂತಳು. ಎದ್ದಾಗ ಶಾಲು ಬೆಂಚನ್ನು ಬಿಡಲೊಲ್ಲದು. ಬಣ್ಣ ಇನ್ನೂ ಹಸಿ! ಹೊಸ ಶಾಲಿನ ಬೆನ್ನ ಮೇಲೆ ಮೂರು ಹಸಿರು ಪಟ್ಟೆ, ಆ ಹೆಂಗಸಿನ ಮೇಲಂಗಿಯ ಮೇಲೂ ಮೂರು ಪಟ್ಟೆ. ಬಣ್ಣದವನು ಪೆಚ್ಚಾಗಿ ತಲೆ ಕೆರೆದುಕೊಂಡು ನಿಂತ. ಅವನನ್ನು ನೋಡಿ ಇವರಿಬ್ಬರಿಗೂ ಇನ್ನೊಂದು ಸುತ್ತು ನಗು.

ಇಷ್ಟು ನಕ್ಕ ಮೇಲೆ ಹೆದರಲು ಮೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲವಂತೆ. ಚಿಕ್ಕಮ್ಮ ಮುಂದೆ ಹೋಗಿ ಬಣ್ಣದವನ ಮುಂದೆ ಟಿಕೆಟು ಹಿಡಿದು, ನಮ್ಮ ಮಾತಿನಲ್ಲೇ, ಅಂಗಡಿಯ ದನಿಯಲ್ಲೇ ಕೇಳಿದಳು: "ನೋಡಪ್ಪಾ, ಇಲ್ಲಿಗೆ ಹೋಗ್ಬೇಕು. ರೈಲು ಯಾವ ಕಡೆ?" ಅವನು ಮುಂದಿನ ಹಳಿಯ ಕಡೆ ಕುಂಚ ತೋರಿಸಿದ. ಸೈಕಲ್ಲು ತಳ್ಳಿಕೊಂಡು ಬಂದ ಒಬ್ಬ ಅಂಚೆಯಾಕೆಯನ್ನೂ ಬಿಡಲಿಲ್ಲ, ಅಕ್ಕ ಹೇಳಿದ್ದಳಲ್ಲ. ಆಕೆಯೂ ಅದೇ ಕಡೆ ಕೈ ತೋರಿಸಿದಳು. "ಸರಿ ಹಾಗಾದ್ರೆ" ಎಂದು ಚಿಕ್ಕಮ್ಮ ತೃಪ್ತಿಯಿಂದ ತಲೆಯಾಡಿಸಿದಳು.

ಬಣ್ಣದವನಿಗೆ ಶಾಲಿನ ಪಾಪ ಕಾಡುತ್ತಿತ್ತು. ಫೋನು ಬೇಕೇ ಎಂದು ಕಿವಿಗೆ ಕೈ ಹಚ್ಚಿ ಕೇಳಿದ. ಚಿಕ್ಕಮ್ಮನ ಬಳಿ ಫೋನಿರಲಿಲ್ಲ, ಆದರೆ ತಮ್ಮನ ನಂಬರು ಬಾಯಿಪಾಠ.

"ತಮ್ಮಾ, ನಾನು. ಗಾಬರಿ ಆಗ್ಬೇಡ. ತಪ್ಪು ಕಡೆ ಇಳ್ದಿದ್ದೀವಿ. ಮುಂದಿನ ರೈಲಿಗೆ ಬರ್ತೀವಿ."

"ಅಯ್ಯೋ ದೇವರೇ! ಎಲ್ಲಿದ್ದೀಯಾ ಅಕ್ಕ? ಅಲ್ಲೇ ಇರು, ಅಲ್ಲಾಡಬೇಡ, ನಾನು ಬರ್ತೀನಿ... ತಡಿ, ಇಳ್ದಿದ್ದೀವಿ ಅಂದ್ಯಲ್ಲ, ಜೊತೆಗೆ ಯಾರು?"

"ಸ್ನೇಹಿತೆ."

"ನಿನಗೆ ಈ ದೇಶದಲ್ಲಿ ಸ್ನೇಹಿತೆ ಎಲ್ಲಿಂದ ಬಂದ್ಲು? ಹೆಸರೇನು?"

"ಅದನ್ನ ನೀನೇ ಕೇಳಿ ಹೇಳು" ಎಂದು ಫೋನನ್ನು ಆ ಹೆಂಗಸಿನ ಕೈಗೆ ಕೊಟ್ಟಳು.

ಮಾವ ಆಕೆಯ ಜೊತೆ ಮಾತಾಡಿದ. ಫೋನು ಚಿಕ್ಕಮ್ಮನ ಕಿವಿಗೆ ವಾಪಸು ಬಂದಾಗ ಅವನೂ ನಗುತ್ತಿದ್ದ. ಆಕೆ ಹಳ್ಳಿಯವಳಂತೆ. ಎಲ್ಲಿಗೆ ಹೋದರೂ ಗಂಡ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದನಂತೆ. ಈಗ ಅವನ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಮಗಳ ಹೊಸ ಮನೆಗೆ ಮೊದಲ ಸಲ ಒಬ್ಬಳೇ ರೈಲಿನಲ್ಲಿ ಹೊರಟಿದ್ದಾಳೆ.

"ಅಕ್ಕಾ, ನಿನ್ನ ನೋಡಿ ಅವಳಿಗೆ ಎಷ್ಟು ಧೈರ್ಯ ಬಂತಂತೆ ಗೊತ್ತಾ? ಒಂದಿಷ್ಟೂ ಅಲುಗಾಡದೆ ನೆಟ್ಟಗೆ ಕೂತಿದ್ಯಂತೆ. ಲೋಕವೆಲ್ಲ ಸುತ್ತಿದವಳೇ ಇರಬೇಕು, ಇವಳ ಹಿಂದೆ ಹೋದ್ರೆ ದಾರಿ ತಪ್ಪಲ್ಲ ಅಂದ್ಕೊಂಡ್ಲಂತೆ!"

"ಸೆಟೆದು ಕೂತಿದ್ದು ಭಯಕ್ಕೆ ಕಣೋ!" ಎಂದಳು ಚಿಕ್ಕಮ್ಮ.

ರೈಲಿಗೆ ಇನ್ನೂ ಹೊತ್ತಿತ್ತು. ಒಡೆದ ಕುಂಡದಿಂದ ಮಣ್ಣು ಉದುರುತ್ತಿತ್ತು. ಕೋಟಿನ ಚೀಲದಲ್ಲಿ ಅಸ್ತರಿಯ ತುಂಡು ಉಳಿದಿತ್ತು, ಸೂಜಿ ದಾರ ಚಿಕ್ಕಮ್ಮನ ಬಳಿ ಇಲ್ಲದಿದ್ದ ದಿನವೇ ಇಲ್ಲ. ಬಣ್ಣ ಹಚ್ಚದ ಇನ್ನೊಂದು ಬೆಂಚನ್ನು ಮುಟ್ಟಿ ಮುಟ್ಟಿ ನೋಡಿ ಕೂತು, ಸಸಿಗೆ ಎರಡು ಪದರದ ಒಂದು ಚೀಲ ಹೊಲಿದಳು. ಬಾಯಿಗೆ ಲಾಡಿ, ಪಕ್ಕಕ್ಕೆ ಹಿಡಿ. ಆ ಹೆಂಗಸು ತನ್ನ ಬುಟ್ಟಿಯಿಂದ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಸೇಬು ತೆಗೆದು ಮಡಿಲಲ್ಲಿ ಹರಡಿದಳು. ಬಣ್ಣದವನಿಗೂ ಪಾಲು ಹೋಯಿತು. ವಾರದಿಂದ ಸರಿಯಾಗಿ ಏನೂ ತಿನ್ನದ ಚಿಕ್ಕಮ್ಮನಿಗೆ ಆಗ ಹಸಿವೆಂದರೆ ಹಸಿವು. ಅಂಥ ರುಚಿಯ ಊಟ ತಾನು ಉಂಡೇ ಇಲ್ಲ ಎನ್ನುತ್ತಾಳೆ ಈಗಲೂ.

ಮುಂದಿನ ರೈಲಿನಲ್ಲಿ ಇಬ್ಬರೂ ಕೈ ಕೈ ಹಿಡಿದು ಕೂತರು. ಈ ಸಲ ಚಿಕ್ಕಮ್ಮ ಡಬ್ಬಿಯಲ್ಲಿದ್ದವರನ್ನೆಲ್ಲ ಕೇಳಿದಳು. ಪೇಪರು ಓದುತ್ತಿದ್ದ ಮುದುಕರನ್ನು, ನಿದ್ದೆ ಮಾಡುತ್ತಿದ್ದವರನ್ನೂ ಎಬ್ಬಿಸಿ ಕೇಳಿದಳು. ಕೊನೆಗೆ ಸರಿಯಾದ ಊರು ಬಂದಾಗ ಡಬ್ಬಿಗೆ ಡಬ್ಬಿಯೇ ಎದ್ದು ನಿಂತು ಬಾಗಿಲಿನ ಕಡೆ ಕೈ ತೋರಿಸಿತಂತೆ. ಅಲ್ಲಿ ಇಬ್ಬರ ದಾರಿ ಬೇರೆಯಾಯಿತು. ಆ ಹೆಂಗಸು ಚಿಕ್ಕಮ್ಮನ ಎರಡೂ ಕೆನ್ನೆ ಹಿಡಿದು ಏನೋ ಹೇಳಿದಳು. ಚಿಕ್ಕಮ್ಮ, "ಹುಷಾರಾಗಿ ಹೋಗಿ ಬಾ ತಾಯಿ, ಮಗಳನ್ನ ಕೇಳಿದೆ ಅಂತ ಹೇಳು" ಎಂದಳು. ಎರಡು ಕಡೆಯೂ ಮಾತು ತಲುಪಿತು.

ಇನ್ನೊಂದು ರೈಲು ಹತ್ತಿ, ಸಂಜೆಯ ಬಿಸಿಲು ಇನ್ನೂ ಇರುವಾಗ ಮಾವನ ಊರು ಮುಟ್ಟಿದಳು. ಪ್ಲಾಟ್‌ಫಾರಮ್ಮಿನ ಮೇಲೆ ಅವನು ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಪಕ್ಕದಲ್ಲಿ ಬಸ್ ಚಾಲಕಿಯ ಸಮವಸ್ತ್ರದಲ್ಲೇ ಬಂದಿದ್ದ ಎತ್ತರದ ಮದುಮಗಳು. ಮಾವ ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಮದುಮಗಳು ಚಿಕ್ಕಮ್ಮನನ್ನು ಒಂದು ಸುತ್ತು ಹಾಕಿ, ಬೆನ್ನ ಮೇಲಿನ ಹಸಿರು ಪಟ್ಟೆ ನೋಡಿ, ಗೊಳ್ಳೆಂದು ನಕ್ಕಳು. "ಆ ನಗು ಕೇಳಿದ ಕೂಡ್ಲೇ ಇವಳು ನಮ್ಮವಳೇ ಅನ್ನಿಸ್ತು" ಎನ್ನುತ್ತಾಳೆ ಚಿಕ್ಕಮ್ಮ.

ಮನೆಗೆ ಹೋದವರೇ ಕೋಟು ತೊಡಿಸಿ ನೋಡಿದರು. ಭುಜ ಸರಿ, ತೋಳು ಸರಿ. ಹೊಟ್ಟೆಯ ಹತ್ತಿರ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಬಯಲು.

"ಫೋನಲ್ಲಿ ಅಳತೆ ಕೊಟ್ಟಿದ್ದು ನೀನೇ ತಾನೇ?"

"ಅದು ಹಡಗಿನಲ್ಲಿದ್ದಾಗಿನ ಅಳತೆ ಅಕ್ಕ. ಮತ್ತೆ ಅಳೆದುಕೊಳ್ಳೋಕೆ ಧೈರ್ಯ ಬರಲಿಲ್ಲ."

ಬ್ರೆಡ್ಡಿನ ಅಂಗಡಿಯ ಹಿಟ್ಟಿನ ಮೇಜನ್ನು ಒರೆಸಿ, ಅದರ ಮೇಲೆ ಹಾಸುಬಟ್ಟೆ ಹರಡಿ, ಚಿಕ್ಕಮ್ಮ ಕೋಟಿನ ಹೊಲಿಗೆ ಬಿಚ್ಚಿದಳು. ಸುಮ್ಮನೆ ಇರಲಿ ಎಂದು ಒಳಗೆ ಧಾರಾಳ ಬಟ್ಟೆ ಬಿಟ್ಟಿದ್ದು ಅವಳ ಪುಣ್ಯ. ಒಲೆಯ ಬಿಸಿಗೆ ಕೋಣೆ ಬೆಚ್ಚಗಿತ್ತು. ಮದುಮಗಳು ಎದುರಿಗೆ ಕೂತು ದೀಪ ಹಿಡಿದಳು, ಮಾವ ಉಸಿರು ಒಳಗೆಳೆದುಕೊಂಡು ನಿಂತ.

"ಉಸಿರು ಬಿಡೋ, ನಾಳೆ ಎಲ್ಲಾ ಹೀಗೇ ನಿಂತಿರ್ತೀಯಾ?" ಎಂದು ಚಿಕ್ಕಮ್ಮ ಬೈದಳು.

ಮಾರನೆಯ ದಿನ ಆ ಕೋಟಿನಲ್ಲಿ ಮಾವ ಹಡಗಿನ ಕಪ್ತಾನನ ಹಾಗೆ ಕಂಡನಂತೆ. ಕಚೇರಿಯಲ್ಲಿ ಸಹಿಯಾಯಿತು, ಬೀದಿಯಲ್ಲೇ ಮೇಜು ಹಾಕಿ ಊಟವಾಯಿತು. ಡಿಪೋದ ಚಾಲಕರೆಲ್ಲ ಬಸ್ಸಿನ ಹಾರ್ನು ಒತ್ತಿ ಒತ್ತಿ ಬೀದಿಯನ್ನೇ ಎಬ್ಬಿಸಿದರು. ಯಾರೋ ವಾದ್ಯ ನುಡಿಸಿದರು. ಮದುಮಗಳು ಚಿಕ್ಕಮ್ಮನನ್ನು ಎಳೆದುಕೊಂಡು ಹೋಗಿ ಕುಣಿಸಿದಳು. ಅಲ್ಲಿನ ನೃತ್ಯ ಚಿಕ್ಕಮ್ಮನಿಗೆ ಬರುತ್ತಿರಲಿಲ್ಲ. ಹೊಲಿಗೆ ಯಂತ್ರ ತುಳಿಯುವ ಹಾಗೆ ಕಾಲು ಹಾಕಿದಳಂತೆ. ಎಲ್ಲರೂ ಹಾಗೇ ಕುಣಿಯಲು ಶುರು ಮಾಡಿದರಂತೆ. ಈ ಕೊನೆಯ ಮಾತನ್ನು ನಾವು ನಂಬಿರಲಿಲ್ಲ. ಮಾವ ವಿಡಿಯೋ ಕಳಿಸಿದ ಮೇಲೆ ನಂಬಿದೆವು.

ಮದುವೆ ಮುಗಿದ ಮೇಲೂ ಚಿಕ್ಕಮ್ಮ ಕೆಲವು ದಿನ ಅಲ್ಲೇ ಉಳಿದಳು. ಮೊದಮೊದಲು ನಾದಿನಿಯ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಊರು ಸುತ್ತಿದಳು. ಒಂದು ಬೆಳಿಗ್ಗೆ, ಮಾವ ಒಲೆಯ ಮುಂದೆ, ನಾದಿನಿ ಕೆಲಸದ ಮೇಲೆ ಇರುವಾಗ, ಕೈಚೀಲ ತೂಗುಹಾಕಿಕೊಂಡು ಒಬ್ಬಳೇ ಹೊರಟು, ಬಸ್ಸು ಹತ್ತಿ, ಮತ್ತೊಂದು ಬಸ್ಸು ಹತ್ತಿ, ಸಮುದ್ರ ನೋಡಿಕೊಂಡು ಬಂದಳು. ಅಲ್ಲಿಂದ ಬಂದ ಮೇಲೆ ಅಮ್ಮನಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಬಂದೆ ಅಕ್ಕ."

"ಯಾರ ಜೊತೆ ಹೋಗಿದ್ದೆ?"

"ಯಾರ ಜೊತೆಗೂ ಇಲ್ಲ."

"ಹಾಗಾದ್ರೆ ಇನ್ನು ನಾನು ಬೇಡ ನಿಂಗೆ" ಎಂದಳು ಅಮ್ಮ. ಮುನಿಸು ಅರ್ಧ, ಸಂತೋಷ ಅರ್ಧ.

"ಹುಚ್ಚೀ, ನೀನಿಲ್ದೆ ಯಾರ ಹತ್ರ ಹೇಳ್ಲಿ ಇದನ್ನೆಲ್ಲ? ಕೇಳಿಸ್ಕೋ, ಇನ್ನೂ ಇದೆ" ಎಂದು ಚಿಕ್ಕಮ್ಮ ಶುರು ಮಾಡಿದಳು. ಅಮ್ಮ ದಿಂಬು ಸರಿ ಮಾಡಿಕೊಂಡು ಕಿವಿಗೆ ಫೋನು ಒತ್ತಿಕೊಂಡಳು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದರೂ ಇಬ್ಬರ ಮಾತು ಮುಗಿಯಲಿಲ್ಲ.

ಅಂದಿನಿಂದ ಚಿಕ್ಕಮ್ಮನನ್ನು ಹಿಡಿಯುವುದೇ ಕಷ್ಟವಾಗಿದೆ. ಹೊರಡುವ ಮುನ್ನ ಈಗಲೂ ಊಟ ಸೇರುವುದಿಲ್ಲ. "ಆ ಭಯ ಇರೋದೇ, ರೈಲು ಹತ್ತಿದ ಮೇಲೆ ಅದೂ ಪಕ್ಕದಲ್ಲಿ ಕೂತ್ಕೊಂಡು ಕಿಟಕಿ ನೋಡುತ್ತೆ" ಎನ್ನುತ್ತಾಳೆ. ಕೆಲವು ಸಲ ಅಮ್ಮನನ್ನು ಕರೆದುಕೊಂಡು ಹೋಗುತ್ತಾಳೆ, ಕೆಲವು ಸಲ ಒಬ್ಬಳೇ. ಈ ತಿಂಗಳು ಮತ್ತೆಲ್ಲಿಗೋ ಹೋಗಿದ್ದಾಳೆ. ನಿನ್ನೆ ಬ್ಯಾಂಕಿನ ಗುಮಾಸ್ತರು ಸಡಿಲವಾದ ಪ್ಯಾಂಟಿಗೆ ಸೊಂಟದ ಹತ್ತಿರ ಪಿನ್ನು ಸಿಕ್ಕಿಸಿಕೊಂಡು ಮನೆ ಬಾಗಿಲಿಗೇ ಬಂದರು.

"ಚಿಕ್ಕಮ್ಮ ಬರೋದು ಯಾವಾಗಮ್ಮಾ?"

"ಗೊತ್ತಿಲ್ಲ ಸಾರ್. ಅಲ್ಲಿ ಯಾರೋ ಪರಿಚಯವಾದರಂತೆ, ಅವರ ಊರಿಗೆ ಕರೆದಿದ್ದಾರಂತೆ."

"ಆಗ್ಲಿ ಬಿಡಿ, ಹೋಗಿ ಬರ್ಲಿ" ಎಂದರು ಗುಮಾಸ್ತರು, ಪ್ಯಾಂಟನ್ನು ಎರಡೂ ಕೈಯಲ್ಲಿ ಮೇಲೆಳೆದುಕೊಳ್ಳುತ್ತ. "ನಾನು ಅಲ್ಲಿಯವರೆಗೆ ಸ್ವಲ್ಪ ಜಾಸ್ತಿ ಊಟ ಮಾಡ್ತೀನಿ."